ಮುಬಶೀರ ಖಾಲಿ ಬಿಟ್ಟ ತಾರೀಖು

ಮುಬಶೀರ ಪಟವೇಗಾರ 2025ರ ಜನವರಿ ಒಂಬತ್ತರಂದು ತೀರಿಕೊಂಡ. ಬೆಳಿಗ್ಗೆ ಹಲ್ಲುಜ್ಜುವಾಗ ಎದೆ ಹಿಡಿದಂತಾಯಿತು ಅಂದನಂತೆ. ಸವಣೂರಿನಿಂದ ಹುಬ್ಬಳ್ಳಿಗೆ ಒಯ್ಯುವಾಗ, ಶಿಗ್ಗಾವಿ ದಾಟಿ ತಡಸದ ಹತ್ತಿರ ಉಸಿರು ನಿಂತಿತು. ವಯಸ್ಸು ನಲವತ್ತೇಳು. ನನಗೂ ಅಷ್ಟೇ. ನಾವು ಸವಣೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು, ಆಮೇಲೆ ಒಂದೇ ತಿಂಗಳಿನಲ್ಲಿ ಒಂದೇ ಪತ್ತಿನ ಸಹಕಾರಿ ಸಂಘಕ್ಕೆ ಕೆಲಸಕ್ಕೆ ಸೇರಿದವರು. ಸಂಘದ ಮುಖ್ಯ ಕಚೇರಿ ಸವಣೂರಿನಲ್ಲಿ. ಹಾನಗಲ್, ಶಿಗ್ಗಾವಿ, ಹಿರೇಕೆರೂರಿನಲ್ಲಿ ಒಂದೊಂದು ಶಾಖೆ. ನಾನು ಹಾನಗಲ್ ಶಾಖೆಯ ಮ್ಯಾನೇಜರ್. ಮುಬಶೀರ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ.

ಕಂಪ್ಯೂಟರ್ ನೋಡಿಕೊಳ್ಳುವುದು ಎಂದರೆ ತಂತಿ ಜೋಡಿಸುವುದಲ್ಲ. ಸಂಘದ ತಂತ್ರಾಂಶದೊಳಗೆ ಪ್ರತಿಯೊಬ್ಬ ನೌಕರನಿಗೂ ಒಂದು ಐಡಿ, ಒಂದು ಪಾಸ್‌ವರ್ಡ್ ಇರುತ್ತದೆ. ಯಾರ ಐಡಿ ಯಾವ ಬಾಗಿಲು ತೆರೆಯಬೇಕು, ಯಾವುದನ್ನು ತೆರೆಯಬಾರದು ಎಂದು ಗೊತ್ತು ಮಾಡುವುದು ಅವನ ಕೆಲಸ. ಮೂರು ಸಲ ತಪ್ಪು ಪಾಸ್‌ವರ್ಡ್ ಒತ್ತಿದರೆ ಐಡಿ ಲಾಕ್ ಆಗುತ್ತದೆ. ಆಗ ಎಲ್ಲ ಶಾಖೆಯವರೂ ಅವನಿಗೇ ಫೋನ್ ಮಾಡಬೇಕು. ಸಂತೆಯ ದಿನ ಅವನ ಫೋನು ಮೇಜಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ.

ನಮ್ಮ ಶಾಖೆಯ ಕ್ಯಾಶಿಯರ್ ಭರಮವ್ವ ವಾರಕ್ಕೆ ಒಮ್ಮೆಯಾದರೂ ಲಾಕ್ ಮಾಡಿಕೊಳ್ಳುತ್ತಿದ್ದರು. ಅವರು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವರು. ಹಾಗಾಗಿ ಆ ಮಾತುಕತೆ ನನಗೆ ಬಾಯಿಪಾಠವಾಗಿತ್ತು.

"ಮುಬಶೀರ ಸರ್, ಮತ್ತ ಬಾಗಲಾ ಹಾಕ್ಕೊಂತ್ರಿ ಇದು."

"ಕೀಬೋರ್ಡಿನ ಮ್ಯಾಲ ಸಣ್ಣ ದೀಪ ಹತ್ತೇತೇನ್ ನೋಡ್ರಿ ಭರಮಕ್ಕಾ."

"ಹತ್ತೇತ್ರಿ."

"ಅದನ್ನ ಆರಿಸ್ರಿ. ಅದು ಹತ್ತಿದ್ರ ಎಲ್ಲಾ ದೊಡ್ಡಕ್ಷರ ಬೀಳ್ತಾವ. ಈಗ ಬಿಚ್ಚಿ ಕೊಟ್ಟೇನಿ, ಸಾವಕಾಶ ಹೊಡೀರಿ."

"ನಂದು ಮೊಮ್ಮಗಳ ಹೆಸರ್ರಿ, ಮುಂದ ಒಂದ…"

"ಏ ಏ! ಹೇಳಬ್ಯಾಡ್ರಿ ತಾಯಿ. ಹೇಳಿದ್ರ ಈಗಿಂದೀಗ ಬದ್ಲಿ ಮಾಡಸ್ತೇನಿ."

"ನಿಮಗ ಹೇಳಿದ್ರ ಏನಾಗ್ತೇತ್ರಿ? ಹೊರಗಿನವ್ರೇನ್ ನೀವು?"

"ಹೊರಗಿನವ್ರು ಕೇಳಿದ್ರ ನೀವು ಹೆಂಗೂ ಹೇಳಂಗಿಲ್ಲ. ನನ್ನಂಥವ್ರಿಗೆ ಹೇಳ್ತೀರಿ, ಅದಽ ಹೆದರಿಕಿ."

ನಮ್ಮ ಕಡೆ ಇದು ದೊಡ್ಡ ತೊಡಕು. ಪಕ್ಕದ ಕುರ್ಚಿಯವರಿಗೆ ಪಾಸ್‌ವರ್ಡ್ ಹೇಳದಿದ್ದರೆ ಅವರನ್ನು ನಂಬಲಿಲ್ಲ ಎಂದಾಗುತ್ತದೆ. ಒಬ್ಬರು ಊಟಕ್ಕೆ ಹೋದರೆ ಇನ್ನೊಬ್ಬರು ಅವರ ಐಡಿಯಲ್ಲಿ ಕೆಲಸ ಮಾಡಿಟ್ಟರೆ ಅದು ಉಪಕಾರ. ಮುಬಶೀರ ಇದರ ವಿರುದ್ಧ ಹದಿನೈದು ವರ್ಷ ದುಡಿದ. ಬೈದು ಅಲ್ಲ, ಶಾಖೆಯಿಂದ ಶಾಖೆಗೆ ಬಸ್ಸಿನಲ್ಲಿ ಓಡಾಡಿ. ಹೋದಲ್ಲೆಲ್ಲ ಒಂದು ಪೊಟ್ಟಣ ಸವಣೂರ ಖಾರಾ ಒಯ್ದು, ಚಹಾದ ಜೊತೆ ಹಂಚಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪಾಸ್‌ವರ್ಡ್ ಬದಲಿಸುತ್ತಿದ್ದ. ಅವರು ಟೈಪ್ ಮಾಡುವಾಗ ತಾನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದ.

ಯಾರಾದರೂ ರಜೆ ಹೋದಾಗ ಅವರ ಕೆಲಸ ನಿಲ್ಲಬಾರದಲ್ಲ. ಅದಕ್ಕೆ ತಂತ್ರಾಂಶದಲ್ಲೇ ಒಂದು ದಾರಿ ಇದೆ, 'ಬದಲಿ ಅಧಿಕಾರ' ಎಂಬ ಪುಟ. ಯಾರ ಅಧಿಕಾರ, ಯಾರಿಗೆ, ಯಾವ ಕೆಲಸಕ್ಕೆ, ಎಂದಿನಿಂದ, ಎಂದಿನವರೆಗೆ ಎಂಬ ಐದು ಖಾನೆ. ಅದನ್ನು ತುಂಬಿದರೆ ರಜೆ ಹೋದವರ ಪಾಸ್‌ವರ್ಡ್ ಯಾರಿಗೂ ಬೇಕಾಗುವುದಿಲ್ಲ. ಆ ಪುಟವನ್ನು ತೆರೆದು ನೋಡಬಲ್ಲವನು ಇಡೀ ಸಂಘದಲ್ಲಿ ಮುಬಶೀರ ಒಬ್ಬನೇ.

ಹಿರೇಕೆರೂರು ಶಾಖೆಯಲ್ಲಿ ಮೂವರು. ಅಧಿಕಾರಿ ಉಸ್ಮಾನಸಾಬ, ಐವತ್ತೆಂಟು ವರ್ಷದವರು. ಕ್ಯಾಶಿಯರ್ ಕೊಟ್ರೇಶ. ಕ್ಲರ್ಕ್ ಭಾಗ್ಯಶ್ರೀ, ಇಪ್ಪತ್ತಾರರ ಹೆಣ್ಣುಮಗಳು, ದಿನಾ ರಟ್ಟೀಹಳ್ಳಿಯಿಂದ ಬಸ್ಸಿಗೆ ಬರುವವಳು. ಅವಳ ಗಂಡನದು ರಟ್ಟೀಹಳ್ಳಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಭಾಗ್ಯಶ್ರೀಯದು ಎರಡು ವರ್ಷದ ಹಂಗಾಮಿ ನೌಕರಿ, 2024ರ ಜುಲೈ ಕೊನೆಗೆ ಕಾಯಂ ಆಗಬೇಕಿತ್ತು.

ಗ್ರಾಹಕರ ಫೋನ್ ನಂಬರು, ವಿಳಾಸ ಬದಲಿಸಬೇಕಾದರೆ ಎರಡು ಕೈ ಬೇಕೆಂಬುದು ಸಂಘದ ನಿಯಮ. ಕ್ಲರ್ಕ್ ಅಥವಾ ಕ್ಯಾಶಿಯರ್ ನಮೂದಿಸುತ್ತಾರೆ. ಅಧಿಕಾರಿ ಕಾಗದ ನೋಡಿ ಪಾಸ್ ಮಾಡುತ್ತಾರೆ. ಹಿರೇಕೆರೂರಿನಲ್ಲಿ ಪಾಸ್ ಮಾಡುವವರು ಉಸ್ಮಾನಸಾಬ.

ಉಸ್ಮಾನಸಾಬ ಪ್ರತಿ ರಂಜಾನಿನ ಕೊನೆಯ ಹತ್ತು ದಿನ ಇತಿಕಾಫ್ ಕೂರುತ್ತಾರೆ. ಅಂದರೆ ಮಸೀದಿಯಲ್ಲೇ ಉಳಿಯುವುದು, ಹಬ್ಬದ ಚಂದ್ರ ಕಂಡ ಮೇಲೆಯೇ ಹೊರಗೆ ಬರುವುದು. ಚಂದ್ರ ಇಪ್ಪತ್ತೊಂಬತ್ತಕ್ಕೆ ಕಾಣಬಹುದು, ಮೂವತ್ತಕ್ಕೆ ಕಾಣಬಹುದು. ಅದಕ್ಕೆ ಅವರ ರಜೆ ಅರ್ಜಿಯಲ್ಲಿ ಮುಗಿಯುವ ತಾರೀಖು ಇರುವುದಿಲ್ಲ. 'ಚಂದ್ರ ಕಾಣುವವರೆಗೆ ರಜೆ ಮಂಜೂರು ಮಾಡಬೇಕು' ಎಂದಿರುತ್ತದೆ. ಇಪ್ಪತ್ತು ವರ್ಷದಿಂದ ಅದೇ ಸಾಲು. ಯಾವ ಕಾರ್ಯದರ್ಶಿಯೂ ತಕರಾರು ತೆಗೆದಿರಲಿಲ್ಲ.

ಮೊದಲೆಲ್ಲ ಆ ದಿನಗಳಿಗೆ ಮುಖ್ಯ ಕಚೇರಿಯಿಂದ ಯಾರನ್ನಾದರೂ ಕಳಿಸುತ್ತಿದ್ದರು. 2024ರಲ್ಲಿ ಕಳಿಸಲು ಜನ ಇರಲಿಲ್ಲ. ಪಾಸ್ ಮಾಡುವ ಅಧಿಕಾರವನ್ನು ಅಷ್ಟು ದಿನ ಭಾಗ್ಯಶ್ರೀಗೆ ಕೊಡುವುದು, ನಮೂದಿಸುವುದನ್ನು ಕೊಟ್ರೇಶ ಒಬ್ಬನೇ ಮಾಡುವುದು ಎಂದಾಯಿತು. ಏಪ್ರಿಲ್ ಒಂದರಂದು ಮುಬಶೀರ ಸವಣೂರಿನಲ್ಲಿ ಕೂತು ಆ ಪುಟ ತುಂಬಿದ. ನಾಲ್ಕು ಖಾನೆ ತುಂಬಿ 'ಎಂದಿನವರೆಗೆ' ಎಂಬಲ್ಲಿ ಕೈ ನಿಲ್ಲಿಸಿದ. ಚಂದ್ರ ಕಾಣದೆ ಹಬ್ಬದ ತಾರೀಖು ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಅಂದಾಜಿನಲ್ಲಿ ಒಂದು ದಿನ ಮುಂಚೆ ಬರೆದರೆ ಶಾಖೆಯ ಕೆಲಸ ನಿಲ್ಲುತ್ತದೆ ಎಂಬ ಲೆಕ್ಕವೂ ಇತ್ತು. ಚಂದ್ರ ಕಂಡ ಮೇಲೆ ತುಂಬಿದರಾಯಿತು ಎಂದು ಖಾಲಿ ಬಿಟ್ಟ. ತಂತ್ರಾಂಶ ತಕರಾರಿಲ್ಲದೆ ಒಪ್ಪಿಕೊಂಡಿತು.

ಏಪ್ರಿಲ್ ಹತ್ತರ ಸಂಜೆ ಚಂದ್ರ ಕಂಡಿತು. ಹನ್ನೊಂದಕ್ಕೆ ಹಬ್ಬ. ಶುಕ್ರವಾರ ಅವನು ರಜೆ ಹಾಕಿದ್ದ, ಆಮೇಲೆ ಎರಡನೇ ಶನಿವಾರ, ಭಾನುವಾರ. ಸೋಮವಾರ ಕಚೇರಿಗೆ ಬರುವ ಹೊತ್ತಿಗೆ ಶಿಗ್ಗಾವಿ ಶಾಖೆಯಲ್ಲಿ ಯಾವ ಕಂಪ್ಯೂಟರೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ಆ ಖಾನೆ ಖಾಲಿಯೇ ಉಳಿಯಿತು.

ಜುಲೈ ಎರಡನೇ ವಾರ ನಮ್ಮ ಕಾರ್ಯದರ್ಶಿ ಹೊಳಬಸಪ್ಪನವರು ನನಗೆ ಫೋನ್ ಮಾಡಿದರು.

"ಪ್ರಭು, ಹಿರೇಕೆರೂರಿಗೆ ಹೋಗಿ ವಿಚಾರಣಿ ಮಾಡಿ ಬರ್ರಿ. ಅಬಲೂರಿನ ತಿಪ್ಪವ್ವ ಅನ್ನಾಕಿ ಖಾತೆದಾಗ ಫೋನ್ ನಂಬರ್ ಬದ್ಲಿ ಆಗೇತಿ, ಆಕಿ ಕೇಳೇ ಇಲ್ಲ. ಬರದಾಕಿನೂ ಭಾಗ್ಯಶ್ರೀ, ಪಾಸ್ ಮಾಡಿದಾಕಿನೂ ಭಾಗ್ಯಶ್ರೀ. ಕಾಯಂ ಆಗೂ ಹೊತ್ತಿನಾಗ ಇಂಥಾ ಕೆಲಸ ನೋಡ್ರಿ."

"ರೊಕ್ಕ ಏನರ ಹೋಗೇತೇನ್ರಿ?"

"ಇಲ್ಲ. ಹೋಗೋದ್ರಾಗ ಸಿಕ್ಕೇತಿ. ಪೇಪರಿನಾಗ ಓದಂಗಿಲ್ಲೇನು? ಎಲ್ಲಾ ಕಡೆ ಹಿಂಗಽ ಚಾಲೂ ಆಗೋದು, ಮೊದಲ ನಂಬರ್ ಬದ್ಲಿ ಮಾಡ್ತಾರ. ಇಪ್ಪತ್ನಾಲ್ಕಕ್ಕ ಕಮಿಟಿ ಐತಿ. ವರದಿ ಬಂದ್ರ ಆವತ್ತಽ ಕೈ ಬಿಡೋದು."

ಹೊಳಬಸಪ್ಪನವರು ಕೆಟ್ಟವರಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಕೆಲಸ ಹೋಗುವುದು ಒಂದು, ಗ್ರಾಹಕರ ಖಾತೆಗೆ ಕೈ ಹಾಕಿದವಳು ಎಂಬ ಹೆಸರು ಬರುವುದು ಇನ್ನೊಂದು. ಆ ಹೆಸರು ಬಂದರೆ ಈ ನಾಲ್ಕು ತಾಲೂಕಿನಲ್ಲಿ ಯಾವ ಸಂಘವೂ ಅವಳನ್ನು ಮತ್ತೆ ಕೌಂಟರಿನಲ್ಲಿ ಕೂರಿಸುವುದಿಲ್ಲ.

ನಾನು ಮುಬಶೀರನನ್ನು ಜೊತೆಗೆ ಕರೆದುಕೊಂಡೆ. ಅವನು ಸವಣೂರಿನಿಂದ ಹಾನಗಲ್ಲಿಗೆ ಬಂದ. ಅಲ್ಲಿಂದ ನನ್ನ ಮೋಟಾರ್ ಸೈಕಲ್ ಮೇಲೆ ಹೋದೆವು.

ಶಾಖೆಯಲ್ಲಿ ತಿಪ್ಪವ್ವ ನಮಗಿಂತ ಮುಂಚೆ ಬಂದು ಕೂತಿದ್ದರು. ಅಬಲೂರಿನಲ್ಲಿ ಅವರದು ಕಿರಾಣಿ ಅಂಗಡಿ. ಜೊತೆಗೆ ನೆರೆಮನೆಯ ವೀರವ್ವ. ನಮ್ಮನ್ನು ನೋಡಿದ್ದೇ ತಿಪ್ಪವ್ವ ಸಂಘದ ಆ್ಯಪ್ ತೆರೆದ ಫೋನು ಮುಂದೆ ಹಿಡಿದರು.

"ನೋಡ್ರಿ ಸಾಹೇಬ್ರ, ನನ್ನ ಖಾತೆ, ನನ್ನ ಫೋನು. ಒತ್ತಿದ್ರ ನೀ ಯಾರು ಅಂತ ನನ್ನಽ ಕೇಳತೈತಿ. ಇಷ್ಟು ವರ್ಷ ಗಂಡನೂ ಹಂಗ ಕೇಳಿದ್ದಿಲ್ಲ ನನ್ನ."

"ನಂಬರ್ ಬದ್ಲಿ ಮಾಡ್ರಿ ಅಂತ ನೀವು ಅರ್ಜಿ ಕೊಟ್ಟಿರೇನ್ರಿ?" ಎಂದೆ.

"ನಾ ಯಾಕ ಕೊಡ್ಲಿ? ಹೊಸಾ ಫೋನ್ ತಗೊಂಡಾಕಿ ಈಕಿ. ಈಕಿಗೆ ಜೊತಿ ಬೇಕಂತ ನನ್ನ ಎಳಕೊಂಡ ಬಂದ್ಲು. ನಾ ಬರೇ ಪಾಸ್‌ಬುಕ್ಕಿಗೆ ಎಂಟ್ರಿ ಹಾಕ್ಸಾಕ ತಂದಿದ್ದೆ."

ವೀರವ್ವ ತಲೆ ತಗ್ಗಿಸಿ, "ನನಗೂ ಭಾಳ ಮೆಸೇಜು ಬರಾಕತ್ತಾವ್ರಿ. ಓದಾಕ ಬರಂಗಿಲ್ಲ, ಕಂಪನಿವು ಅಂತ ಅಳಿಸಿ ಬಿಡ್ತಿದ್ದೆ" ಅಂದರು.

"ನನ್ನ ಮೆಸೇಜ ಅವು! ತಿಂಗಳಾತು ನನ್ನ ಯಾಪಾರ ಎಲ್ಲಾ ಅಳಿಸಿ ಕುಂತೀ ನೀನು."

ಎಷ್ಟೋ ವಿಷಯ ಅಲ್ಲೇ ತಿಳಿಯಿತು. ಅವರು ಬಂದ ದಿನ ಇಬ್ಬರ ಪಾಸ್‌ಬುಕ್ಕುಗಳೂ ಕೌಂಟರಿನ ಮೇಲೆ ಒಂದರ ಮೇಲೊಂದು ಇದ್ದವು. ಭಾಗ್ಯಶ್ರೀ ಮೇಲಿನದನ್ನು ತೆರೆದಿದ್ದಾಳೆ. ವೀರವ್ವನ ಹೊಸ ನಂಬರು ತಿಪ್ಪವ್ವನ ಖಾತೆಗೆ ಬಿದ್ದಿದೆ. ಕಣ್ತಪ್ಪು. ಆದರೆ ಕಣ್ತಪ್ಪು ಹಿಡಿಯಲೆಂದೇ ಎರಡನೇ ಕೈ ಇರುವುದು. ಆ ಕೈಯೂ ಅವಳದೇ ಎಂದು ದಾಖಲೆ ಹೇಳುತ್ತಿತ್ತು. ಹಾಗಿದ್ದ ಮೇಲೆ ಕಣ್ತಪ್ಪು ಎಂದರೆ ಯಾರು ನಂಬುತ್ತಾರೆ?

ಭಾಗ್ಯಶ್ರೀ ಅಳುತ್ತಿರಲಿಲ್ಲ. ತನ್ನ ಮೇಜಿನ ಕೀಲಿಕೈಗಳನ್ನು ಆಗಲೇ ಒಂದು ಲಕೋಟೆಯಲ್ಲಿ ಹಾಕಿ ಮುಂದೆ ಇಟ್ಟುಕೊಂಡಿದ್ದಳು.

"ತಪ್ಪು ಬುಕ್ ತಗದಿದ್ದು ನಾನಽ ಸರ್. ಅದನ್ನ ಬರದು ಕೊಡ್ತೇನಿ. ಪಾಸ್ ಮಾಡಿದ್ದು ನಾನಲ್ರಿ. ಸಾಹೇಬ್ರು ಮಾಡ್ಯಾರ ಅನ್ಕೊಂಡಿದ್ದೆ."

ಉಸ್ಮಾನಸಾಬ ತಮ್ಮ ಕುರ್ಚಿಯಿಂದಲೇ ಹೇಳಿದರು. "ನನ್ನ ಕಡೆ ಅದು ಬಂದಽ ಇಲ್ಲ ಪ್ರಭು. ಬಂದಿದ್ರ ಫಾರ್ಮಿನಾಗ ವೀರವ್ವ ಅಂತಿದ್ದದ್ದು ನನಗ ಕಾಣತಿರ್ಲಿಲ್ಲೇನು?"

ಇಬ್ಬರೂ ಸುಳ್ಳು ಹೇಳುವವರಲ್ಲ. ಆದರೂ ಇಬ್ಬರಲ್ಲಿ ಒಬ್ಬರ ಮಾತು ನಿಜವಾಗಿರಲಾರದು ಎಂದೇ ನನಗೆ ಅನಿಸಿತ್ತು.

ಮುಬಶೀರ ಕುರ್ಚಿ ಎಳೆದುಕೊಂಡು ಭಾಗ್ಯಶ್ರೀಯ ಪಕ್ಕದಲ್ಲಿ ಕೂತ.

"ಕೊಟ್ರೇಶನ ಖಾತೆ ತಗಿಯವ್ವಾ. ವಿಳಾಸದಾಗ ಮನಿ ನಂಬರ್ ಮುಂದ ಒಂದ ಚುಕ್ಕಿ ಇಡು."

ಅವಳು ಇಟ್ಟಳು. ತೆರೆಯ ಮೇಲೆ 'ಬದಲಾವಣೆ ಪೂರ್ಣಗೊಂಡಿದೆ' ಎಂದು ಬಂತು.

"ಮೊದಲಿಂದ ಹಿಂಗಽ ಬರ್ತಿತ್ತೇನು?"

"ಮೊದಲ 'ಪರಿಶೀಲನೆಗೆ ಕಳಿಸಲಾಗಿದೆ' ಅಂತ ಬರ್ತಿತ್ರಿ. ಬೇಸಿಗ್ಯಾಗ ಸಾಫ್ಟ್‌ವೇರ್ ಹೊಸಾದು ಹಾಕಿದ್ರಲ್ಲ, ಅದಕ್ಕ ಮಾತು ಬದ್ಲಿ ಆಗೇತಿ ಅನ್ಕೊಂಡೆ."

ಅದೇ ಚುಕ್ಕಿಯನ್ನು ಅಳಿಸಲು ಕೊಟ್ರೇಶನಿಗೆ ಹೇಳಿದ. ಕೊಟ್ರೇಶ ತನ್ನ ಐಡಿಯಲ್ಲಿ ಅಳಿಸಿದ. ಅದು ನೇರ ಉಸ್ಮಾನಸಾಬರ ತೆರೆಗೆ ಹೋಗಿ ನಿಂತಿತು. ಅಂದರೆ ದೋಷ ತಂತ್ರಾಂಶದಲ್ಲಿ ಇರಲಿಲ್ಲ, ಭಾಗ್ಯಶ್ರೀಯ ಐಡಿಯಲ್ಲಿತ್ತು. ಮುಬಶೀರ ತನ್ನ ಲ್ಯಾಪ್‌ಟಾಪ್ ತೆಗೆದು ಅವಳ ಐಡಿಯ ಹಕ್ಕುಗಳ ಪಟ್ಟಿ ನೋಡಿದ. ಕ್ಲರ್ಕಿಗೆ ಇರಬೇಕಾದಷ್ಟೇ ಇದ್ದವು. ಇನ್ನೊಂದು ಪುಟ ತೆರೆದ, ಮತ್ತೊಂದು ತೆರೆದ. ಆಮೇಲೆ 'ಬದಲಿ ಅಧಿಕಾರ' ತೆರೆದ.

ನಾನು ಅವನ ಹಿಂದೆ ನಿಂತಿದ್ದೆ. ಉಸ್ಮಾನಸಾಬರ ಅಧಿಕಾರ, ಭಾಗ್ಯಶ್ರೀಗೆ, ಏಪ್ರಿಲ್ ಒಂದರಿಂದ. ಮುಂದಿನ ಖಾನೆ ಖಾಲಿ. ಕೊನೆಯಲ್ಲಿ 'ಚಾಲ್ತಿಯಲ್ಲಿದೆ' ಎಂಬ ಹಸಿರು ಅಕ್ಷರ. ಒಂದೇ ಐಡಿಗೆ ಎರಡೂ ಕೈಯ ಅಧಿಕಾರ ಇದ್ದರೆ ತಂತ್ರಾಂಶ ಇನ್ನೊಬ್ಬರನ್ನು ಕೇಳುವುದಿಲ್ಲ, ತಾನೇ ಪಾಸ್ ಮಾಡಿಬಿಡುತ್ತದೆ. ಮೂರು ತಿಂಗಳಿಂದ ಅವಳು ನಮೂದಿಸಿದ ಪ್ರತಿ ನಂಬರೂ ಪ್ರತಿ ವಿಳಾಸವೂ ಹಾಗೆಯೇ ದಾಟಿತ್ತು. ಕೊಟ್ರೇಶನವು ತಮ್ಮ ತೆರೆಗೆ ಬರುತ್ತಲೇ ಇದ್ದುದರಿಂದ ಉಸ್ಮಾನಸಾಬರಿಗೆ ಕೊರತೆ ಕಂಡಿರಲಿಲ್ಲ. ಇಬ್ಬರೂ ನಿಜ ಹೇಳಿದ್ದರು.

ಮುಬಶೀರ ಲ್ಯಾಪ್‌ಟಾಪ್ ಮುಚ್ಚಿದ. ಲಕೋಟೆಯನ್ನು ಭಾಗ್ಯಶ್ರೀಯ ಕಡೆ ಸರಿಸಿ, "ಕೀಲಿಕೈ ಡ್ರಾದಾಗ ಇಡವ್ವಾ. ನಿನ್ನ ತಪ್ಪು ಒಂದು ಪಾಸ್‌ಬುಕ್ಕಿಂದು. ಉಳಿದದ್ದು ನಂದು" ಅಂದ.

ವಾಪಸು ಬರುವಾಗ ಹಂಸಭಾವಿಯಲ್ಲಿ ಚಹಾಕ್ಕೆ ನಿಂತೆವು. ಅಲ್ಲಿ ನಾನು ಅವನಿಗೆ ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು.

"ಲೇ, ಇವತ್ತಿನ ತಾರೀಖ ತುಂಬಿಬಿಡು. ಆ ಪುಟ ನೋಡಾಂವ ನೀ ಒಬ್ಬನಽ. ಸಾಫ್ಟ್‌ವೇರ್ ದೋಷ ಅಂತ ನಾ ವರದಿ ಬರೀತೇನಿ. ಆಕಿನೂ ಉಳೀತಾಳ, ನೀನೂ ಉಳೀತಿ."

"ಸಾಫ್ಟ್‌ವೇರ್ ದೋಷ ಅಂದ್ರ ಹೊಳಬಸಪ್ನೋರು ಸುಮ್ನ ಕುಂಡ್ರತಾರೇನು? ಕಂಪನಿಯವರನ್ನ ಕರಸ್ತಾರ. ಅವ್ರು ಬಂದು ದೋಷ ಇಲ್ಲ ಅಂತಾರ. ಆಮ್ಯಾಲ ಉಳಿಯಾಕಿ ಆಕಿ ಒಬ್ಬಾಕಿ. ಅರ್ಧಾ ಅನುಮಾನ ಇಟ್ಕೊಂಡು ಯಾರನೂ ಕಾಯಂ ಮಾಡಂಗಿಲ್ಲ ಪ್ರಭ್ಯಾ."

"ಹಂಗಾದ್ರ ಪೂರಾ ಹೇಳು. ಯಾಕ ಖಾಲಿ ಬಿಟ್ಟಿ ಅನ್ನೂದನ್ನೂ ಹೇಳು. ಚಂದ್ರ ಕಾಣೂದು ಯಾರ ಕೈಯಾಗೂ ಇಲ್ಲಲ್ಲ."

ಅವನು ಕಪ್ಪು ಕೆಳಗಿಟ್ಟ.

"ಅದೊಂದು ಬ್ಯಾಡ. ಚಂದ್ರ ಅಂದ್ರ ರಂಜಾನ್ ಬರ್ತತಿ. ರಂಜಾನ್ ಅಂದ್ರ ಉಸ್ಮಾನಚಾಚಾನ ಇತಿಕಾಫ್ ಬರ್ತತಿ. ಇವ್ರು ಹೋಗಿ ಮಸೂತ್ಯಾಗ ಕುಂತದ್ದಕ್ಕ ಹಿಂಗಾತು ಅಂತ ಕಮಿಟಿಯಾಗ ಒಬ್ಬರ ಅಂದಽ ಅಂತಾರ. ಇಪ್ಪತ್ತು ವರ್ಷ ಯಾರೂ ಅಂದಿಲ್ಲ. ನನ್ನ ದೆಸಿಂದ ಯಾಕ ಅನ್ನಸಬೇಕು? ಮರತೆ ಅಂತೇನಿ. ಅದೂ ಸುಳ್ಳಲ್ಲ, ಹಬ್ಬ ಆದಮ್ಯಾಲ ಮರತದ್ದು ಖರೇನ."

"ಇಂಕ್ರಿಮೆಂಟ್ ಕೊಯ್ತಾರ ನಿಂದು."

"ಕೊಯ್ಲಿ ಬಿಡು." ಆಮೇಲೆ ಅವನು ತನ್ನ ಅಪ್ಪನ ಮಾತು ತೆಗೆದ. ಅವನ ಅಪ್ಪ ಸವಣೂರ ಪೇಟೆಯಲ್ಲಿ ಕರಿಮಣಿ ಪೋಣಿಸುತ್ತಿದ್ದವರು. ಹಳೆಯ ದಾರ ಸವೆದ ತಾಳಿಯನ್ನು ಹೊಸ ದಾರಕ್ಕೆ ಪೋಣಿಸಿ ಕೊಡುವಷ್ಟು ಹೊತ್ತು ಹೆಣ್ಣುಮಕ್ಕಳು ಕೊರಳಿಗೆ ಅರಿಶಿಣದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಕೂರುತ್ತಿದ್ದರು. "ತಾಳಿ ಕೊರಳಿಗೆ ಬಿದ್ದಕೂಡ್ಲೆ, ಅವ್ವಾ ಆ ದಾರ ಬಿಚ್ಚವ್ವಾ ಅಂತಿದ್ದ ಅಪ್ಪ. ಒಂದು ದಿನ ಮರೀಲಿಲ್ಲ. ನನಗ ಅಷ್ಟು ನೆನಪ ಉಳೀಲಿಲ್ಲ ನೋಡು." ನಕ್ಕು, ಚಂದ್ರನ ಮಾತು ಎತ್ತುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡು, ಚಹಾದ ದುಡ್ಡು ತಾನೇ ಕೊಟ್ಟ.

ಇಪ್ಪತ್ನಾಲ್ಕರಂದು ಕಮಿಟಿ ಸೇರಿತು. ನಾನು ವರದಿ ಓದಿದೆ. ಮುಬಶೀರ ಆ ಪುಟದ ಪ್ರಿಂಟು ತೆಗೆದು ಒಬ್ಬೊಬ್ಬರ ಮುಂದೂ ಒಂದೊಂದು ಇಟ್ಟಿದ್ದ. ಖಾಲಿ ಖಾನೆಯ ಸುತ್ತ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದ.

"ಇದನ್ನ ಯಾಕ ತುಂಬಲಿಲ್ಲ?" ಒಬ್ಬ ನಿರ್ದೇಶಕರು ಕೇಳಿದರು.

"ಮರತೇರಿ."

"ಹದಿನೈದು ವರ್ಷ ಇದಽ ಕೆಲಸ ಮಾಡಾಂವ ಮರತೆ ಅಂದ್ರ ಹೆಂಗ?"

"ಮರತದ್ದು ಖರೇರಿ."

"ಬ್ಯಾರೆ ಏನರ ಕಾರಣ ಇದ್ರ ಹೇಳು" ಅಂದರು ಹೊಳಬಸಪ್ಪ. ಅವರು ಅವನಿಗೆ ದಾರಿ ಬಿಡುತ್ತಿದ್ದಾರೆ ಎಂದು ನನಗೆ ಅನಿಸಿತು. ಅವನು ನನ್ನ ಕಡೆ ನೋಡಲಿಲ್ಲ.

"ಏನಿಲ್ರಿ."

ನಾನು ಬಾಯಿ ಬಿಡಬಹುದಿತ್ತು. ಮಾತು ಕೊಟ್ಟಿದ್ದೆ, ಬಿಡಲಿಲ್ಲ.

ಭಾಗ್ಯಶ್ರೀಗೆ ಬಾಯಿಮಾತಿನ ಎಚ್ಚರಿಕೆ ಕೊಟ್ಟು ಕಾಯಂ ಮಾಡಿದರು. ಮುಬಶೀರನ ಒಂದು ಇಂಕ್ರಿಮೆಂಟ್ ತಡೆದರು. ತಂತ್ರಾಂಶದ ಅಧಿಕಾರ ಹಿಂದೆಗೆದುಕೊಂಡು ಅತೀಕ ಎಂಬವನಿಗೆ ವಹಿಸಿದರು. ಮುಬಶೀರನನ್ನು ಶಿಗ್ಗಾವಿ ಶಾಖೆಯ ಕೌಂಟರಿಗೆ ಹಾಕಿದರು.

ಅಲ್ಲಿಯೂ ಅವನು ಚೆನ್ನಾಗಿಯೇ ಇದ್ದ. ಮೊದಲ ವಾರವೇ ಅವನ ಐಡಿ ಲಾಕ್ ಆಯಿತು. ಅತೀಕನಿಗೆ ಫೋನ್ ಮಾಡಿದರೆ, "ಕೀಬೋರ್ಡಿನ ಮ್ಯಾಲ ದೀಪ ಹತ್ತೇತೇನ್ ನೋಡ್ರಿ ಸರ್" ಅಂದನಂತೆ. ಅದನ್ನು ನನಗೆ ಹೇಳಿ ಬಹಳ ಹೊತ್ತು ನಕ್ಕಿದ್ದ. ಹುಲಗೂರಿನ ಕಡೆಯಿಂದ ಬರುವ ರೈತರ ಫೋನಿಗೆ ಸಂಘದ ಆ್ಯಪ್ ಹಾಕಿಕೊಟ್ಟು, ಅವರೇ ನಾಲ್ಕಂಕಿ ಪಿನ್ ಒತ್ತುವಾಗ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಕೆಲವರು ಗಟ್ಟಿಯಾಗಿ ಓದುತ್ತಲೇ ಒತ್ತುತ್ತಿದ್ದರು. ಹಾಗೆ ಓದಿದವರಿಂದ ಮತ್ತೊಮ್ಮೆ ಪಿನ್ ಬದಲು ಮಾಡಿಸುತ್ತಿದ್ದ.

ಸವಣೂರಿನಲ್ಲಿ ಮಾತ್ರ ಬೇರೆ ಮಾತು ಹುಟ್ಟಿತ್ತು. ಮಣ್ಣಿಗೆ ಹೋದ ದಿನವೂ ಅದು ನನ್ನ ಕಿವಿಗೆ ಬಿತ್ತು. ನನ್ನ ಹಿಂದೆ ನಡೆಯುತ್ತಿದ್ದ ಇಬ್ಬರಲ್ಲಿ ಒಬ್ಬ, "ಕಂಪ್ಯೂಟರಿನಾಗ ಏನೋ ಗೋಲಮಾಲ ಮಾಡಿದ್ನಂತ. ಅದಕ್ಕಽ ಶಿಗ್ಗಾವಿಗೆ ಒಗದಿದ್ರು" ಅಂದ. ನಾನು ತಿರುಗಿ ನೋಡಿದೆ. ಅವನು ನನಗೆ ಗೊತ್ತಿಲ್ಲದವನು. ಮಣ್ಣಿಗೆ ಒಯ್ಯುವ ದಾರಿಯಲ್ಲಿ ಜಗಳ ಬೇಡವೆಂದು ಮುಂದೆ ನಡೆದೆ.

ಇಪ್ಪತ್ತು ದಿನ ಕಳೆದ ಮೇಲೆ ಭಾಗ್ಯಶ್ರೀ ಮತ್ತು ಉಸ್ಮಾನಸಾಬ ಮುಬಶೀರನ ಮನೆಗೆ ಬರುತ್ತೇವೆಂದರು. ನಾನೂ ಹೋದೆ. ಮುಬಶೀರನ ಹೆಂಡತಿ ಗುಲ್ನಾರ ನೆಲದ ಮೇಲೆ ಚಾಪೆ ಹಾಸಿ ಕೂರಿಸಿದರು. ಭಾಗ್ಯಶ್ರೀ ಮಾತು ಶುರು ಮಾಡಿದಳು.

"ಅಕ್ಕಾರ, ಸರ್ ಶಿಗ್ಗಾವಿಗೆ ಹೋಗಿದ್ದು ನನ್ನ ಸಲುವಾಗಿರಿ."

ಗುಲ್ನಾರ ನನ್ನ ಮುಖ ನೋಡಿದರು. "ಏನಿದು ಪ್ರಭುಭಾಯಿ? ಅವ್ರು ನನಗ ಹೇಳಿದ್ದು ಶಿಗ್ಗಾವಿಯಾಗ ಮಂದಿ ಕಮ್ಮಿ ಅದಾರ ಅಂತ. ಪೇಟ್ಯಾಗ ಬ್ಯಾರೆ ಕೇಳಿ ಬಂದು ನಾ ಅವ್ರ ಕೂಡ ಜಗಳಾ ಮಾಡೇನಿ. ಏನ್ ಮಾಡಿ ಬಂದಿ ಹೇಳು ಅಂತ."

ನಾನು ಎಲ್ಲ ಹೇಳಿದೆ. ಖಾಲಿ ಖಾನೆ, ಚಂದ್ರ, ಹಂಸಭಾವಿಯ ಮಾತು. ಗುಲ್ನಾರ ಅಳಲಿಲ್ಲ. ಸೆರಗಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಕೂತರು. ಸಿಟ್ಟು ಬಂದದ್ದು ಉಸ್ಮಾನಸಾಬರಿಗೆ.

"ನನ್ನ ಕಾಯಾಕ ಇವಾ ಯಾರು? ನನ್ನ ಒಂದು ಮಾತು ಕೇಳಿದ್ನೇನು? ನನ್ನ ಇತಿಕಾಫಿನ ಮ್ಯಾಲ ಮಾತು ಬಂದ್ರ ಉತ್ತರ ಕೊಡಾಕ ನನಗ ಬಾಯಿ ಇದ್ದಿಲ್ಲೇನು? ನಿನಗೂ ಗೊತ್ತಿತ್ತು ಪ್ರಭು. ನೀನೂ ಸುಮ್ನ ಕುಂತಿ."

ಮುಬಶೀರನಿಗೆ ಮಾತು ಕೊಟ್ಟಿದ್ದೆ ಎಂದೆ.

ಮರುದಿನ ಹತ್ತು ಗಂಟೆಗೆ ಉಸ್ಮಾನಸಾಬ ಹೊಳಬಸಪ್ಪನವರ ಕೋಣೆಯೊಳಗೆ ಹೋದರು. ನನ್ನನ್ನೂ ಎಳೆದುಕೊಂಡು ಹೋದರು. ಕೂರಲಿಲ್ಲ.

"ಹೋದ ವರ್ಷದ ನನ್ನ ರಜಾ ಅರ್ಜಿ ತಗಸ್ರಿ."

ಫೈಲು ಬಂತು. ಹೊಳಬಸಪ್ಪ ಕನ್ನಡಕ ಹಾಕಿಕೊಂಡು ಓದಿದರು. 'ಚಂದ್ರ ಕಾಣುವವರೆಗೆ.' ಅದರ ಕೆಳಗೆ 'ಮಂಜೂರು' ಎಂದು ಅವರದೇ ಸಹಿ.

"ಈ ಅರ್ಜಿಯಾಗ ತಾರೀಖ ಐತೇನ್ರಿ?" ಉಸ್ಮಾನಸಾಬ ಕೇಳಿದರು. "ನಾ ಬರೀಲಿಲ್ಲ, ನೀವು ಕೇಳಲಿಲ್ಲ. ಇಲ್ಲದ ತಾರೀಖ ಆಂವ ಎಲ್ಲಿಂದ ತುಂಬಬೇಕಿತ್ತು?"

ಹೊಳಬಸಪ್ಪನವರು ಕನ್ನಡಕ ತೆಗೆದರು. "ಕಮಿಟಿಯಾಗ ನಾ ಕೇಳಿದ್ನಲ್ಲೋ ಪ್ರಭು. ಬ್ಯಾರೆ ಕಾರಣ ಇದ್ರ ಹೇಳು ಅಂತ ಕೇಳಿದ್ದೆ" ಅಂದರು. ಆಮೇಲೆ, "ಹಳೇ ನಡಾವಳಿ ತಿದ್ದಾಕ ಬರಂಗಿಲ್ಲ. ಹೊಸಾದು ಬರೀಬೇಕು" ಅಂದರು.

ಫೆಬ್ರವರಿಯ ಸಭೆಯಲ್ಲಿ ಬರೆದರು. ಮುಗಿಯುವ ತಾರೀಖಿಲ್ಲದ ರಜೆಯನ್ನು ಮಂಜೂರು ಮಾಡಿದವರು ಕಾರ್ಯದರ್ಶಿ, ಅದರಿಂದ ಬದಲಿ ಅಧಿಕಾರದ ತಾರೀಖು ಖಾಲಿ ಉಳಿಯಿತು, ಶ್ರೀ ಮುಬಶೀರ ಪಟವೇಗಾರ ಅವರಿಂದ ಯಾವ ಅಪ್ರಾಮಾಣಿಕ ಕೆಲಸವೂ ನಡೆದಿಲ್ಲ, ತಪ್ಪನ್ನು ಕಂಡುಹಿಡಿದು ಸಭೆಯ ಮುಂದಿಟ್ಟವರು ಅವರೇ. ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು ನಾನು ಕಾದೆ. ಒಬ್ಬ ನಿರ್ದೇಶಕರು ಮಾತ್ರ, "ಈ ವರ್ಷದ ಇತಿಕಾಫ್ ಯಾವಾಗ? ಹಿರೇಕೆರೂರಿಗೆ ಯಾರನ್ನ ಕಳಸೋದು?" ಎಂದು ಕೇಳಿದರು. ನಾನು ಹೋಗುತ್ತೇನೆಂದೆ.

ಹೊಳಬಸಪ್ಪನವರು ಆ ನಡಾವಳಿಯ ಪ್ರತಿ ಹಿಡಿದು ಗುಲ್ನಾರರ ಮನೆಗೆ ತಾವೇ ಹೋದರು. ಓದಿ ಹೇಳಲು ಶುರು ಮಾಡಿದಾಗ ಗುಲ್ನಾರ ತಡೆದರು.

"ನನಗ ಗೊತ್ತಾಗೇತ್ರಿ. ಗೊತ್ತಾಗಬೇಕಾದವ್ರು ಪೇಟ್ಯಾಗ ಅದಾರ. ಅಲ್ಲಿ ಓದ್ರಿ."

ಹೊಳಬಸಪ್ಪನವರಿಗೆ ಸಭೆಯಲ್ಲಿ ಬಿಟ್ಟರೆ ನಾಲ್ಕು ಜನರ ಮುಂದೆ ನಿಂತು ಓದಿ ರೂಢಿ ಇಲ್ಲ. ಆದರೂ ಮುಂದಿನ ಸಂತೆಯ ದಿನ, ಮುಖ್ಯ ಕಚೇರಿ ತುಂಬಿದ್ದಾಗ, ತಮ್ಮ ಕೋಣೆಯಿಂದ ಹೊರಗೆ ಬಂದು ಕೌಂಟರಿನ ಪಕ್ಕ ನಿಂತರು. ಫ್ಯಾನ್ ಆರಿಸಲು ಹೇಳಿದರು. ಕಾಗದ ಬಿಚ್ಚಿ ಗಟ್ಟಿಯಾಗಿ ಓದಿದರು. ತಮ್ಮ ಹೆಸರು ಬಂದ ಜಾಗದಲ್ಲಿಯೂ ದನಿ ತಗ್ಗಿಸಲಿಲ್ಲ. ಓದಿ ಮುಗಿಸಿ ಕಾಗದವನ್ನು ನೋಟೀಸ್ ಬೋರ್ಡಿಗೆ ಹಚ್ಚಿದರು.

ಸಾಲಿನಲ್ಲಿ ನಿಂತಿದ್ದ ಒಬ್ಬ ಎಲೆ ವ್ಯಾಪಾರಿ ಕೇಳಿದ. "ಹಂಗಾದ್ರ ಮುಬಶೀರ ಏನೂ ಮಾಡಿರ್ಲಿಲ್ಲೇನ್ರಿ?"

"ಮಾಡಿದ್ದ" ಅಂದರು ಹೊಳಬಸಪ್ಪ. "ಒಂದು ತಾರೀಖ ತುಂಬಿರ್ಲಿಲ್ಲ. ನಾವೂ ಕೇಳಿರ್ಲಿಲ್ಲ."